ಸುಗಂಧವರ್ತಿಯ ದಾರಿಯಲ್ಲಿ ಒಂದು ನೆರಳು



ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ದಾರಿಯ ಮೇಲೆ, ಬೈಲಹೊಂಗಲ ತಾಲೂಕಿನಲ್ಲಿ, ನೇಸರಗಿ ಎಂಬ ಊರಿದೆ. ಊರಿನ ಹೆಸರಿನಲ್ಲಿಯೇ 'ನೇಸರು' ಕುಳಿತಿದ್ದಾನೆ. ನೇಸರು ಎಂದರೆ ಸೂರ್ಯನೆಂಬುದು ಶಾಲೆಯಲ್ಲಿ ಹಳಗನ್ನಡದ ನಾಲ್ಕು ಪದ್ಯ ಓದಿದವರಿಗೆಲ್ಲ ಗೊತ್ತು. ಈ ಹೆಸರಿನ ವ್ಯುತ್ಪತ್ತಿಯನ್ನು ಹಿಡಿದು ಇಲ್ಲಿ ವಾದ ಹೂಡುವುದು ನನ್ನ ಉದ್ದೇಶವಲ್ಲ. ಆದರೆ ಚೈತ್ರ ವೈಶಾಖದ ಮಧ್ಯಾಹ್ನ ಎರಡು ಗಂಟೆಗೆ ಇಲ್ಲಿ ಬಸ್ಸಿನಿಂದ ಇಳಿದವನಿಗೆ, ನಿಘಂಟನ್ನು ತೆರೆಯದೆಯೇ, ಆ ಹೆಸರು ಈ ಊರಿಗೆ ಒಪ್ಪುತ್ತದೆಯೆಂದು ತಿಳಿದುಬಿಡುತ್ತದೆ. ಎರೆಯ ಹೊಲಗಳು ಬಾಯಿಬಿಟ್ಟಿರುತ್ತವೆ. ಗಾಳಿ ಬೀಸಿದರೆ ಒಲೆಯ ಬಾಯಿಂದ ಬಂದಂತಿರುತ್ತದೆ. ಆಗ ಪ್ರಯಾಣಿಕನ ಕಣ್ಣು ಎಲ್ಲಕ್ಕಿಂತ ಮೊದಲು ನೆರಳನ್ನು ಹುಡುಕುತ್ತದೆ.

ಈ ನೆರಳಿನ ವಿಷಯವಾಗಿಯೇ, ಅದರೊಡನೆ ಬರುವ ಕಂಪಿನ ವಿಷಯವಾಗಿಯೂ, ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಮನೆಯ ಮುಂದೆ ಗಿಡ ಹಚ್ಚುವುದು ಸಣ್ಣ ಸಂಗತಿ, ಅದಕ್ಕೆ ಇತಿಹಾಸವೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಅರಸರ ಕಾಳಗಗಳಿಗೆ ಮಾತ್ರ ಇತಿಹಾಸವಿರುವುದೆಂದು ನಾವು ಹುಡುಗರಿಗೆ ಕಲಿಸುತ್ತ ಬಂದುದರ ಫಲವಿದು. ಅಂಗಳದ ಗಿಡಕ್ಕೂ ಇತಿಹಾಸವುಂಟು. ಅದೂ ನಮ್ಮ ಸೀಮೆಯಲ್ಲಿ ಬಹಳ ಹಳೆಯದು.

ನೇಸರಗಿಯಿಂದ ಪಡುವಲಿಗೆ ನಡೆದರೆ ಬೆಳಗಾವಿ. ಮೂಡಲಿಗೆ ಯರಗಟ್ಟಿಗೆ ಹೋಗಿ ಅಲ್ಲಿ ತೆಂಕಲಿಗೆ ತಿರುಗಿದರೆ ಸವದತ್ತಿ. ಈ ಎರಡು ಊರುಗಳೂ ಒಂದಾನೊಂದು ಕಾಲದಲ್ಲಿ ರಟ್ಟರ ರಾಜಧಾನಿಗಳು. ಕೂಂಡಿ ಮೂರುಸಾವಿರ ನಾಡನ್ನು ಆಳಿದ ಈ ಮನೆತನದವರು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದು, ಹದಿಮೂರನೆಯ ಶತಮಾನದ ಮೊದಲ ಭಾಗದವರೆಗೆ ಬಾಳಿದರು. ನೇಸರಗಿಯಲ್ಲಿಯೂ ರಟ್ಟ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವೊಂದು ದೊರೆತಿದೆ. ಅವನ ಕಾಲದಲ್ಲಿಯೇ, ೧೨೦೪ರ ಸುಮಾರಿಗೆ, ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿ ಎದ್ದಿತು. ಇವರ ಶಾಸನಗಳಲ್ಲಿ ಬೆಳಗಾವಿಗೆ ವೇಣುಗ್ರಾಮವೆಂದು ಹೆಸರು, ಅಂದರೆ ಬಿದಿರಿನ ಊರು. ಸವದತ್ತಿಗೆ ಸುಗಂಧವರ್ತಿಯೆಂದು ಹೆಸರು. 'ವರ್ತಿ' ಎಂದರೆ ಬತ್ತಿ. ನಾವು ದೇವರ ಮುಂದೆ ಹಚ್ಚುವ ಊದುಬತ್ತಿಯಲ್ಲಿರುವ ಬತ್ತಿಯೇ ಅದು. ಒಂದು ರಾಜಧಾನಿಗೆ ಗಿಡದ ಹೆಸರು, ಇನ್ನೊಂದಕ್ಕೆ ಕಂಪಿನ ಹೆಸರು! ಸುಗಂಧವರ್ತಿ ಎಂಬುದು ಪಂಡಿತರು ಸಂಸ್ಕೃತಕ್ಕೆ ತಿರುಗಿಸಿದ ರೂಪವೇ ಇದ್ದರೂ ಇರಲಿ. ಊರಿಗೊಂದು ಗೌರವದ ಹೆಸರು ಬೇಕಾದಾಗ ಅವರ ಮನಸ್ಸು ರತ್ನಕ್ಕೂ ಖಡ್ಗಕ್ಕೂ ಹೋಗದೆ ಪರಿಮಳಕ್ಕೆ ಹೋಯಿತಲ್ಲ! ಅದನ್ನು ಗಮನಿಸಿರಿ.

ಆ ಕಾಲದ ದಾನಶಾಸನಗಳನ್ನು ತಿರುವಿ ಹಾಕಿದವರಿಗೆ ಇನ್ನೊಂದು ಮಾತು ತಿಳಿದಿರುತ್ತದೆ. ದೇವಾಲಯಕ್ಕೆ ಅರಸನೋ ಸೆಟ್ಟಿಯೋ ದತ್ತಿ ಬಿಡುವಾಗ ಉಳುವ ಭೂಮಿಯನ್ನು ಮತ್ತರುಗಳ ಲೆಕ್ಕದಲ್ಲಿ ಹೇಳಿ, ನಂದಾದೀಪಕ್ಕೆ ಗಾಣವನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ 'ಪೂದೋಂಟ'ಕ್ಕೆ ಇಷ್ಟು ಕಮ್ಮ ನೆಲವೆಂದು ಬೇರೆಯಾಗಿ ಬರೆಸುವುದುಂಟು. ಅನ್ನಕ್ಕೆ ಭೂಮಿ, ಬೆಳಕಿಗೆ ಎಣ್ಣೆ, ಪೂಜೆಗೆ ಹೂ. ಈ ಮೂರನ್ನೂ ಕಲ್ಲಿನಲ್ಲಿ ಕೊರೆಸಿ ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಹರಸುತ್ತಿದ್ದರು. ಹೂವು ಅವರಿಗೆ ಊಟದ ಮೇಲಿನ ಎಲೆಯಡಿಕೆಯಂತೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎನ್ನುವ ಪದಾರ್ಥವಾಗಿರಲಿಲ್ಲ.

ಇದು ದೇವರ ತೋಟದ ಮಾತಾಯಿತು. ಮನೆಯ ಮಾತೇನು? ಅದಕ್ಕೆ ನಾವು ಕಲ್ಲುಗಳನ್ನು ಬಿಟ್ಟು ಗ್ರಂಥಗಳ ಕಡೆಗೆ ತಿರುಗಬೇಕು.

ಆರನೆಯ ಶತಮಾನದಲ್ಲಿ ವರಾಹಮಿಹಿರನು ಬರೆದ ಬೃಹತ್ಸಂಹಿತೆ ಜ್ಯೋತಿಷಗ್ರಂಥವೆಂದು ಪ್ರಸಿದ್ಧವಾಗಿದೆ. ಆದರೆ ಅದರಲ್ಲಿ ವೃಕ್ಷಾಯುರ್ವೇದವೆಂಬ ಒಂದು ಅಧ್ಯಾಯವೇ ಇದೆ. ತೋಟದಲ್ಲಾಗಲಿ ಮನೆಯಲ್ಲಾಗಲಿ ಮೊದಲು ನೆಡತಕ್ಕ ಮಂಗಲವೃಕ್ಷಗಳು ಯಾವುವು ಎಂದು ಅಲ್ಲಿ ಆತ ಪಟ್ಟಿ ಕೊಡುತ್ತಾನೆ. ಆ ಪಟ್ಟಿಯ ಮೊದಲ ಹೆಸರು ಅರಿಷ್ಟ. ಅರಿಷ್ಟವೆಂದರೆ ಬೇರೆ ಯಾವುದೋ ಅಪರೂಪದ ಮರವಲ್ಲ, ನಮ್ಮ ಬೇವು! ಅದರ ಬೆನ್ನಿಗೆ ಅಶೋಕ, ಪುನ್ನಾಗ, ಶಿರೀಷ, ಪ್ರಿಯಂಗು. ಪುನ್ನಾಗವೆಂದರೆ ಸುರಹೊನ್ನೆ, ಶಿರೀಷವೆಂದರೆ ಬಾಗೆ. ಈ ಮರಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ತಂದುಕೊಳ್ಳಿರಿ. ಅವುಗಳ ಹೂವಿನಲ್ಲಿ ಕಂಪು, ತಲೆಯಲ್ಲಿ ನೆರಳು. ನೆರಳು ಕೊಟ್ಟು ಕಂಪು ಕೊಡದ ಮರಗಳು ಕಾಡಿನಲ್ಲಿ ಬೇಕಾದಷ್ಟಿವೆ. ಕಂಪು ಕೊಟ್ಟು ನೆರಳು ಕೊಡದ ಬಳ್ಳಿಗಳೂ ಇವೆ. ಎರಡನ್ನೂ ಒಟ್ಟಿಗೆ ಕೊಡುವುದಕ್ಕೆ ಮನೆಯ ಬಳಿ ಮೊದಲ ಮಣೆ.

ಅದೇ ಗ್ರಂಥದ ವಾಸ್ತುವಿನ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಅದು ನನ್ನನ್ನು ಬಹುಕಾಲ ಕಾಡಿದೆ. ಮುಳ್ಳಿನ ಮರ, ಹಾಲು ಸುರಿಸುವ ಮರ ಮುಂತಾದವು ಮನೆಗೆ ಹತ್ತಿರವಿರಬಾರದೆಂದು ಹೇಳಿ, ವರಾಹಮಿಹಿರನು ಅಲ್ಲಿಗೇ ನಿಲ್ಲಿಸುವುದಿಲ್ಲ. ಅವುಗಳನ್ನು ಕಡಿಯಲು ಮನಸ್ಸು ಬಾರದಿದ್ದರೆ ಏನು ಮಾಡಬೇಕು? ಮನೆಗೂ ಆ ಮರಕ್ಕೂ ನಡುವೆ ಪುನ್ನಾಗ, ಅಶೋಕ, ಬೇವು, ಬಕುಳ, ಹಲಸು, ಬನ್ನಿ, ಶಾಲ ಇವುಗಳಲ್ಲಿ ಒಳ್ಳೆಯದನ್ನು ನೆಡಿರಿ, ದೋಷವಿಲ್ಲ ಎನ್ನುತ್ತಾನೆ. ಅಂದರೆ ಬೇಡವಾದ ಒಂದು ಮರಕ್ಕೆ ಪರಿಹಾರ ಬೇಕಾದ ಇನ್ನೊಂದು ಮರ. ವಾಸ್ತುವಿನ ಹೆಸರಿನಲ್ಲಿ ಅಂಗಳದ ಗಿಡಕ್ಕೆ ಕೊಡಲಿ ಹಾಕಲು ಸಲಹೆ ಕೊಡುವವರು ಈ ಶ್ಲೋಕವನ್ನು ಒಮ್ಮೆ ಓದಿದ್ದರೆ ಎಷ್ಟು ಚೆನ್ನಾಗಿತ್ತು!

ಇನ್ನು ನಮ್ಮ ಕನ್ನಡಕ್ಕೆ ಬರೋಣ. ೧೦೨೫ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದನು. ಹೆಸರೇ ಹೇಳುವಂತೆ ಇದು ಲೋಕದ ಜನಕ್ಕೆ ಉಪಕಾರವಾಗಲೆಂದು ಬರೆದುದು. ಇದರಲ್ಲಿ ಮನೆ ಕಟ್ಟುವ ವಾಸ್ತು ಇದೆ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಉದಕಾರ್ಗಳ ಇದೆ, ಗಿಡಗಳನ್ನು ಬೆಳೆಸುವ ವೃಕ್ಷಾಯುರ್ವೇದ ಇದೆ, ಪರಿಮಳದ್ರವ್ಯಗಳ ಗಂಧಯುಕ್ತಿ ಇದೆ, ಅಡಿಗೆಯ ಸೂಪಶಾಸ್ತ್ರ ಇದೆ, ವೈದ್ಯವೂ ಇದೆ. ಮೊದಲ ನೋಟಕ್ಕೆ ಇದೊಂದು ಕಂತೆಯಂತೆ ಕಾಣುತ್ತದೆ. ಸ್ವಲ್ಪ ನಿಧಾನಿಸಿ ನೋಡಿದರೆ, ಒಂದು ಮನೆ ಮನೆಯಾಗಬೇಕಾದರೆ ಏನೇನು ಬೇಕೋ ಅದೆಲ್ಲವೂ ಇಲ್ಲಿ ಒಂದೇ ದಾರದಲ್ಲಿ ಪೋಣಿಸಿದೆ. ಗೋಡೆ, ಬಾವಿ, ಗಿಡ, ಗಂಧ, ಅನ್ನ, ಔಷಧ: ಇಷ್ಟೂ ಸೇರಿದರೆ ಅದು ಗೃಹ. ನಾವು ಇಂದು ಇದರಿಂದ ಗೋಡೆಯನ್ನು ಇಂಜಿನಿಯರರಿಗೂ, ಗಿಡವನ್ನು ಅರಣ್ಯ ಇಲಾಖೆಗೂ, ಗಂಧವನ್ನು ಅಂಗಡಿಯ ಸೀಸೆಗೂ ಹಂಚಿಕೊಟ್ಟಿದ್ದೇವೆ. ಚಾವುಂಡರಾಯನ ಓದುಗನಿಗೆ ಇವು ಬೇರೆ ಬೇರೆಯಾಗಿರಲಿಲ್ಲ. ಅವನ ಬಳಿಕ ಒಂದು ಶತಮಾನಕ್ಕೆ ಕಲ್ಯಾಣದ ಚಕ್ರವರ್ತಿ ಮೂರನೆಯ ಸೋಮೇಶ್ವರನೇ ತನ್ನ ಮಾನಸೋಲ್ಲಾಸದಲ್ಲಿ ವನಕ್ರೀಡೆಗೂ ಲೇಪನ ಧೂಪಗಳಿಗೂ ಜಾಗ ಮಾಡಿಕೊಟ್ಟನು.

ಕಾವ್ಯಗಳ ಸಾಕ್ಷಿ ಬೇಕೆಂದರೆ ಮೇಘದೂತವನ್ನು ನೆನೆಯಿರಿ. ಯಕ್ಷನು ಮೋಡಕ್ಕೆ ತನ್ನ ಮನೆಯ ಗುರುತು ಹೇಳುವಾಗ ಬಾಗಿಲು ಕಂಬಗಳನ್ನು ಹೇಳಿ ಮುಗಿಸುವುದಿಲ್ಲ. ಹೆಂಡತಿ ಮಗನಂತೆ ಸಾಕಿದ, ಕೈಗೆಟಕುವಷ್ಟು ಬಾಗಿದ ಎಳೆಯ ಮಂದಾರವನ್ನು ಹೇಳುತ್ತಾನೆ. ಮಾಧವಿಯ ಮಂಟಪದ ಬದಿಯಲ್ಲಿರುವ ಕೆಂಪು ಅಶೋಕವನ್ನೂ ಕೇಸರವನ್ನೂ ಹೇಳುತ್ತಾನೆ. ಕೇಸರವೆಂದರೆ ಬಕುಳವೇ. ನಮ್ಮ ಊರುಗಳಲ್ಲಿಯೂ ಮನೆಯ ಗುರುತನ್ನು ಹೀಗೆಯೇ ಹೇಳುವ ಕಾಲವೊಂದಿತ್ತಲ್ಲವೆ? 'ಬೇವಿನ ಗಿಡದ ಮನಿ', 'ಹುಣಸಿ ಗಿಡದ ಮನಿ' ಎಂದರೆ ಪತ್ರ ತಪ್ಪದೆ ಮುಟ್ಟುತ್ತಿತ್ತು. ಇನ್ನು ಕವಿಸಮಯದ ಮಾತು ಬೇರೆ. ಹೆಣ್ಣು ಕಾಲಿನಿಂದ ಒದ್ದರೆ ಅಶೋಕ ಹೂ ಬಿಡುವುದೆಂದೂ, ಬಾಯ ತುಂಬಿದ ಮಧುವನ್ನು ಉಗುಳಿದರೆ ಬಕುಳ ಅರಳುವುದೆಂದೂ ನಮ್ಮ ಕವಿಗಳು ನೂರಾರು ವರ್ಷ ಬರೆದರು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ನಗಲಿ, ಆದರೆ ಮರವು ಮನುಷ್ಯರ ಸಮೀಪದಲ್ಲಿ, ಮನೆಯವರ ಕೈಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಬೆಳೆಯುತ್ತಿತ್ತೆಂಬ ನಿಜ ಆ ಕಲ್ಪನೆಯ ಒಳಗಿದೆ. ಆ ಬಳಿಕ ವಿಜಯನಗರಕ್ಕೆ ೧೪೪೩ರಲ್ಲಿ ಬಂದ ಪಾರಸಿಯ ರಾಯಭಾರಿ ಅಬ್ದುರ್ ರಜಾಕನು, ಇಲ್ಲಿಯ ಜನಕ್ಕೆ ಗುಲಾಬಿ ಹೂವು ಅನ್ನದಷ್ಟೇ ಅವಶ್ಯವೆಂದು ಬೆರಗುಪಟ್ಟು ಬರೆದಿಟ್ಟಿದ್ದಾನೆ.

ಈ ರುಚಿ ನಮ್ಮ ನಾಡಿಗೇ ಮೀಸಲಾದುದೆಂದು ಗರ್ವಪಡಬೇಕಾಗಿಲ್ಲ. ಯುರೋಪಿನ ಚಳಿಯ ದೇಶಗಳಲ್ಲಿ ಲಿಂಡನ್ ಎಂಬ ಮರವುಂಟು. ಹೃದಯದಾಕಾರದ ಎಲೆ, ದಟ್ಟವಾದ ನೆರಳು, ಬೇಸಿಗೆಯಲ್ಲಿ ತಿಳಿ ಹಳದಿಯ ಸಣ್ಣ ಹೂವು. ಹೂವು ಕಣ್ಣಿಗೆ ಬೀಳುವ ಮೊದಲೇ ಕಂಪು ಬೀದಿಯನ್ನೆಲ್ಲ ತುಂಬುತ್ತದೆ, ಜೇನುನೊಣಗಳು ಮುತ್ತುತ್ತವೆ. ಒಣಗಿದ ಹೂವನ್ನು ಕುದಿಸಿ ನೆಗಡಿಗೆ ಕಷಾಯದಂತೆ ಕುಡಿಯುತ್ತಾರೆ. ಜರ್ಮನ್ ನಾಡಿನ ಹಳ್ಳಿಗಳಲ್ಲಿ ಈ ಮರದ ಬುಡದಲ್ಲಿ ಹಿರಿಯರು ಕೂಡಿ ನ್ಯಾಯ ಹೇಳುತ್ತಿದ್ದರು. ಹಬ್ಬಕ್ಕೆ ಅದರ ಸುತ್ತ ಕುಣಿಯುತ್ತಿದ್ದರು. ನಮ್ಮ ಬೇವಿನ ಕಟ್ಟೆಯನ್ನೂ ಅರಳಿಯ ಕಟ್ಟೆಯನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರ್ಲಿನ್ ನಗರದ ಪ್ರಖ್ಯಾತ ರಾಜಬೀದಿಗೆ 'ಲಿಂಡನ್ ಮರಗಳ ಕೆಳಗೆ' ಎಂದೇ ಹೆಸರು. ೧೬೪೭ರಲ್ಲಿ ಅಲ್ಲಿಯ ದೊರೆ ಅಲ್ಲಿ ಸಾಲುಮರ ನೆಡಿಸಿದನು.

ಈ ಮರದೊಡನೆ ಒಬ್ಬ ಮಹಾಪಂಡಿತನ ಹೆಸರೂ ಹೆಣೆದುಕೊಂಡಿದೆ. ಜಗತ್ತಿನ ಗಿಡಮರಗಳಿಗೆ ಎರಡೆರಡು ಪದಗಳ ಶಾಸ್ತ್ರೀಯ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಲಿನೇಯಸ್. ಅವನ ತಂದೆ ವಿದ್ಯಾಭ್ಯಾಸಕ್ಕೆ ಹೋದಾಗ ಮನೆತನದ ಅಡ್ಡಹೆಸರು ಬೇಕಾಯಿತು. ತಮ್ಮ ಹೊಲದಲ್ಲಿದ್ದ ಒಂದು ದೊಡ್ಡ ಲಿಂಡನ್ ಮರವನ್ನು ನೆನೆದು ಆತ ಈ ಹೆಸರನ್ನಿಟ್ಟುಕೊಂಡನು. ಮರಗಳಿಗೆಲ್ಲ ಹೆಸರಿಟ್ಟವನಿಗೆ ಮನೆಯ ಮರವೇ ಹೆಸರು ಕೊಟ್ಟಿತು! ಅದೇ ಲಿನೇಯಸ್ ೧೭೫೩ರ ತನ್ನ ಗ್ರಂಥದಲ್ಲಿ ನಮ್ಮ ಬಕುಳಕ್ಕೆ 'ಮಿಮುಸಾಪ್ಸ್ ಎಲೆಂಗಿ' ಎಂದು ಹೆಸರಿಟ್ಟನು. 'ಎಲೆಂಗಿ' ಎಂಬುದು ಲ್ಯಾಟಿನ್ ಅಲ್ಲ, ಮಲೆಯಾಳದ ಇಲಂಞಿ. ಡಚ್ಚರ ಅಧಿಕಾರಿ ವಾನ್ ರೀಡನು ೧೬೭೮ರಿಂದ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಮಲಬಾರಿನ ಸಸ್ಯಗ್ರಂಥದ ಮೂಲಕ ಈ ಶಬ್ದ ಸಮುದ್ರ ದಾಟಿತು. ನಮ್ಮ ಸಂಪಿಗೆಯ 'ಚಂಪಕ'ವೂ ಹೀಗೆಯೇ ಶಾಸ್ತ್ರೀಯ ಹೆಸರಾಯಿತು. ಮಲೆನಾಡಿನ ಸುರಗಿಗೆ ಇಂದಿಗೂ ಸಸ್ಯಶಾಸ್ತ್ರಜ್ಞರು 'ಸುರಿಗ' ಎಂದೇ ಬರೆಯುತ್ತಾರೆ. ಕಂಪಿನ ಮರಗಳ ವಿಷಯದಲ್ಲಿ ಪರದೇಶದ ಪಂಡಿತರು ನಮ್ಮ ದೇಶದ ಬಾಯಿಮಾತನ್ನೇ ಎರವಲು ಪಡೆದರು.

ಲಿಂಡನ್ ಮರಕ್ಕೆ ತಕ್ಕ ಚಳಿಗಾಲ ಬೇಕು. ನೇಸರಗಿಯ ಎರೆಯಲ್ಲಿ ಅದು ಬಾಳುವ ಮಾತಿಲ್ಲ. ಆದರೆ ಅದರ ದೂರದ ನೆಂಟನೊಬ್ಬ ನಮ್ಮ ಕಾಡುಗಳಲ್ಲಿಯೇ ಇದ್ದಾನೆ. ತಡಸಲು ಮರವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕೊಡಲಿಯ ಕಾವಿಗೂ ಬಂಡಿಯ ಕೆಲಸಕ್ಕೂ ಬಾಗಿದರೂ ಮುರಿಯದ ಅದರ ಕಟ್ಟಿಗೆಯನ್ನು ರೈತರು ಹುಡುಕಿ ತರುತ್ತಿದ್ದರು; ತೊಗಟೆಯಿಂದ ನಾರು ತೆಗೆಯುತ್ತಿದ್ದರು. ಲಿಂಡನ್ ಮರದ ತೊಗಟೆಯಿಂದಲೂ ಅಲ್ಲಿಯವರು ನಾರು ತೆಗೆಯುತ್ತಿದ್ದರು. ತಡಸಲಿಗೆ ಶಾಸ್ತ್ರಜ್ಞರು ಇಟ್ಟ ಹೆಸರು 'ಗ್ರೂವಿಯಾ ಟಿಲಿಫೋಲಿಯಾ', ಅಂದರೆ ಲಿಂಡನ್ನಿನ ಎಲೆಯುಳ್ಳದ್ದು ಎಂದು. ಕುಲದಿಂದ ತಡಸಲು ನೆಂಟನಾದರೆ, ಗುಣದಿಂದ ಲಿಂಡನ್ನಿಗೆ ಸರಿಗಟ್ಟುವವು ನಮ್ಮ ಬೇವು, ಬಕುಳಗಳೇ.

ಹಾಗಿದ್ದರೆ ಈ ಮರಗಳು ನಮ್ಮ ಅಂಗಳದಿಂದ ಎಲ್ಲಿಗೆ ಹೋದವು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಎರಡು ಬದಲಾವಣೆಗಳು ಕಾಣುತ್ತವೆ.

ಮೊದಲನೆಯದು ರುಚಿಯ ಬದಲಾವಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳೊಡನೆ ಹೊಸ ಮರಗಳು ಬಂದವು. ಮಡಗಾಸ್ಕರದಿಂದ ಗುಲಮೊಹರು ಬಂತು. ದಕ್ಷಿಣ ಅಮೆರಿಕದಿಂದ ಮಳೆಮರ ಬಂತು, ನೀಲಿಯ ಜಕರಂಡ ಬಂತು. ದಂಡಿನ ಪೇಟೆಗಳ ಬಂಗಲೆಗಳಲ್ಲಿಯೂ ಹೊಸ ರಸ್ತೆಗಳಲ್ಲಿಯೂ ಇವು ಬೇಗನೆ ಬೆಳೆದು ಬಣ್ಣದ ಕೊಡೆ ಬಿಚ್ಚಿದವು. ಮೈಸೂರು ಸಂಸ್ಥಾನದಲ್ಲಿ ೧೯೦೮ರಿಂದ ಲಾಲಬಾಗಿನ ಹೊಣೆ ಹೊತ್ತ ಕ್ರುಂಬಿಗಲ್ ಸಾಹೇಬರು ಜರ್ಮನಿಯವರು, ಲಿಂಡನ್ನಿನ ನಾಡಿನವರು. ವರ್ಷದ ಎಲ್ಲ ತಿಂಗಳೂ ಒಂದಲ್ಲ ಒಂದು ಬೀದಿ ಹೂವಾಗಿರುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಅವರದು. ಅದೊಂದು ಮಹತ್ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರೊಡನೆ ನಮ್ಮ ಮನೆಯ ಗಿಡವನ್ನು ಆರಿಸುವ ಅಧಿಕಾರ ಮೂಗಿನಿಂದ ಕಣ್ಣಿಗೆ ಹೋಯಿತು. ಗುಲಮೊಹರು ನೋಡಲು ಬೆಂಕಿಯ ಹೂರಾಶಿ. ಅದರ ಕೆಳಗೆ ನಿಂತು ಉಸಿರೆಳೆದುಕೊಳ್ಳಿರಿ, ಹೇಳಿಕೊಳ್ಳುವಂಥ ಕಂಪಿಲ್ಲ. ಬೇವಿನ ಹೂವನ್ನು ಕಣ್ಣಿನಿಂದ ಹುಡುಕಬೇಕು. ಅದರ ಕಂಪು ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಚಿತ್ರಪಟಗಳ ಯುಗದಲ್ಲಿ ಕಂಪನ್ನು ಚಿತ್ರ ತೆಗೆಯಲಾಗದು. ಹೀಗಾಗಿ ಬೇವು ಬಕುಳಗಳು ಹಳೆಯ ಕಾಲದವಾದವು.

ಎರಡನೆಯದು ಜಾಗದ ಬದಲಾವಣೆ. ದಾರಿಯ ಬದಿಗೆ ಮರ ನೆಡಿಸುವುದು ಅಶೋಕನಷ್ಟು ಹಳೆಯ ಪುಣ್ಯ. ಜನಕ್ಕೂ ದನಕ್ಕೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದೆನೆಂದು ಅವನು ಸ್ತಂಭದ ಮೇಲೆ ಬರೆಯಿಸಿದ್ದಾನೆ. ಅದೇ ಆಲದ ಸಾಲನ್ನು ಹುಲಿಕಲ್ಲಿನ ರಸ್ತೆಯಲ್ಲಿ ಬೆಳೆಸಿದ ನಮ್ಮ ಸಾಲುಮರದ ತಿಮ್ಮಕ್ಕನವರಿಗೆ ೨೦೧೯ರಲ್ಲಿ ಪದ್ಮಶ್ರೀ ಬಂದುದು ನಿಮಗೆ ನೆನಪಿರಬಹುದು. ಆದರೆ ರಸ್ತೆ ಅಗಲವಾದಂತೆ ಹಳೆಯ ಹುಣಸೆ, ಆಲ, ಬೇವಿನ ಸಾಲುಗಳು ಒಂದೊಂದೇ ಉರುಳಿದವು. ಊರೊಳಗೆ ಮಣ್ಣಿನ ಮಾಳಿಗೆಯ ಮನೆಗಳು ಹೋಗಿ ಸಿಮೆಂಟಿನ ಮನೆಗಳು ಬಂದವು. ಗೋಡೆ ಎದ್ದು ಗಡಿಕಲ್ಲಿಗೆ ತಾಗಿತು. ಅಂಗಳವೇ ಇಲ್ಲದ ಮೇಲೆ ಅಂಗಳದ ಗಿಡವೆಲ್ಲಿ?

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನ ಪರರಿಗೆ ಹೇಳುವ ಪುರಾಣವಾಗುತ್ತದೆ. ನಮ್ಮ ಮನೆಯ ಮುಂದೆ ಒಂದು ಬೇವಿನ ಗಿಡವಿತ್ತು. ನಾನು ಹುಡುಗನಾಗಿದ್ದಾಗ ರೇಡಿಯೋದ ಏರಿಯಲ್ ತಂತಿಯ ಒಂದು ತುದಿಯನ್ನು ಮಾಳಿಗೆಯ ಗಳಕ್ಕೂ ಇನ್ನೊಂದು ತುದಿಯನ್ನು ಆ ಬೇವಿನ ಕೊಂಬೆಗೂ ಅಪ್ಪ ಕಟ್ಟಿದ್ದರು. ಸಂಜೆ ಧಾರವಾಡ ಕೇಂದ್ರದ ವಾರ್ತೆಗಳನ್ನು ಕೇಳಲು ನೆರೆಯವರು ಬಂದು ಗಿಡದ ಬುಡದ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವ್ವ ಅಲ್ಲಿಯೇ ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದಳು. ಯುಗಾದಿಯ ಹೊತ್ತಿಗೆ ಹೂವು ಉದುರಿ ಕಟ್ಟೆಯೆಲ್ಲ ಬೆಳ್ಳಗಾಗುತ್ತಿತ್ತು. ರಾತ್ರಿ ಹೊರಗೆ ಹಾಸಿಗೆ ಹಾಸಿ ಮಲಗಿದರೆ ಆ ಸಿಹಿಗಂಪಿನಲ್ಲಿಯೇ ನಿದ್ದೆ ಬರುತ್ತಿತ್ತು. ಬೇವಿನ ಎಲೆ ಕಹಿ, ಹೂವಿನ ಕಂಪು ಸಿಹಿ. ಈ ವಿಚಿತ್ರವನ್ನು ಅಲ್ಲಿ ಮಲಗಿದವರೇ ಬಲ್ಲರು.

ನಾನು ನೌಕರಿಗೆ ಸೇರಿ, ಹಣ ಕೂಡಿಸಿ, ಮುಂದಕ್ಕೆ ಒಂದು ಕೋಣೆ ಕಟ್ಟಿಸಹೊರಟೆ. ಗಿಡ ಅಡ್ಡವಾಯಿತು. ವೃಕ್ಷಾಯುರ್ವೇದವನ್ನು ಓದಿದ ನಾನೇ ಅದನ್ನು ಕಡಿಸಿದೆ. ಅವ್ವ ಜಗಳ ಆಡಲಿಲ್ಲ. ಕೊಂಬೆಗಳು ನೆಲಕ್ಕೆ ಬಿದ್ದ ಮೇಲೆ, "ಗಿಡಾ ಕಡಿಯಾಕ ಒಂದ ದಿನಾ ಸಾಕಪಾ, ನೆಳ್ಳ ಬರಾಕ ಇಪ್ಪತ್ತ ವರ್ಷ ಬೇಕ" ಎಂದಷ್ಟೇ ಅಂದಳು. ಆ ಕೋಣೆ ಪಡುವಣ ಬಿಸಿಲಿಗೆ ಕಾದು ಹಂಚಿನಂತಾಯಿತು. ಪಂಕ ತಿರುಗಿದರೆ ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ನಡುವೆ ಇನ್ನೊಂದು ಮರ ನೆಡಿರಿ ಎಂದ ವರಾಹಮಿಹಿರನ ಶ್ಲೋಕ ನನಗೆ ಅರ್ಥವಾದುದು ಅಂದು. ಅದಕ್ಕೆ ಮೊದಲು ಅದು ನನಗೆ ಬಾಯಿಪಾಠವಾಗಿತ್ತು, ಅಷ್ಟೆ. ಅವ್ವ ಇರುವಾಗಲೇ ಮನೆಯ ಪಡುವಣ ಮಗ್ಗುಲಿಗೆ ಒಂದು ಬಕುಳದ ಸಸಿ ಹಚ್ಚಿದೆ. ಅದು ನಿಧಾನದ ಮರ. ಅದು ಹೂ ಬಿಡುವ ಹೊತ್ತಿಗೆ ಅವ್ವ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಸರಕಾರ ಸುಮ್ಮನೆ ಕೂಡಲಿಲ್ಲ. ೧೯೫೦ರಲ್ಲಿ ಕನ್ಹಯ್ಯಾಲಾಲ ಮುನಶಿಯವರು ವನಮಹೋತ್ಸವವನ್ನು ಆರಂಭಿಸಿದರು. ೧೯೭೬ರಲ್ಲಿ ಕರ್ನಾಟಕದಲ್ಲಿ ವೃಕ್ಷ ಸಂರಕ್ಷಣೆಗಾಗಿ ಕಾಯಿದೆಯೇ ಆಯಿತು. ಆಷಾಢದಲ್ಲಿ ಶಾಲೆಯ ಮಕ್ಕಳು ಸಸಿ ನೆಡುತ್ತಾರೆ, ಭಾಷಣಗಳಾಗುತ್ತವೆ. ಆದರೆ ಮಾಘದಲ್ಲಿ ಆ ಸಸಿಗೆ ನೀರು ಹಾಕುವವರಾರು? ಮನೆಯ ಮುಂದಿನ ಗಿಡಕ್ಕೆ ಈ ತೊಂದರೆಯಿಲ್ಲ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಅದಕ್ಕೆ ಸಾಕು. ಆದುದರಿಂದ ಊರಿಗೆ ನೆರಳು ಮರಳಿ ಬರಬೇಕಾದರೆ ಅದು ಮನೆಗಳಿಂದಲೇ ಬರಬೇಕೆಂದು ನನಗೆ ತೋರುತ್ತದೆ.

ನೀವು ಗಿಡ ಹಚ್ಚುವುದಾದರೆ ಕೆಲವು ಮಾತುಗಳನ್ನು ನೆನಪಿಡಿರಿ. ನಮ್ಮ ಎರೆಯ ಸೀಮೆಗೆ ಮೊದಲ ಆಯ್ಕೆ ಬೇವು. ನೀರು ಕಡಮೆಯಾದರೂ ತಾಳುತ್ತದೆ, ಬೇಗ ಬೆಳೆಯುತ್ತದೆ. ಅದನ್ನು ಬೀದಿಯ ಕಡೆಗೋ ಹಿತ್ತಲಿಗೋ ಇಡಿರಿ, ಗೋಡೆಗೆ ಹತ್ತಿಸಬೇಡಿರಿ. ಎರೆಮಣ್ಣು ನೀರುಂಡಾಗ ಉಬ್ಬಿ, ಒಣಗಿದಾಗ ಕುಗ್ಗುವ ಸ್ವಭಾವದ್ದು. ದೊಡ್ಡ ಮರದ ಬೇರು ಅಡಿಪಾಯದ ಬಳಿಯ ತೇವವನ್ನು ಹೀರಿದರೆ ಗೋಡೆ ಸೀಳುವುದುಂಟು. ಎರಡನೆಯದು ಬಕುಳ. ಇದನ್ನು ರಂಜಲವೆಂದೂ ಪಗಡೆಯೆಂದೂ ಕರೆಯುವರು. ವರ್ಷವಿಡೀ ಹಸುರು, ದುಂಡಗಿನ ದಟ್ಟ ತಲೆ. ನಕ್ಷತ್ರದಂಥ ಹೂವು ರಾತ್ರಿ ಉದುರಿ ಬೆಳಗಿಗೆ ನೆಲದ ಮೇಲಿರುತ್ತದೆ. ಒಣಗಿದರೂ ಅದರ ಕಂಪು ಹೋಗದು. ಎಳೆಯದರಲ್ಲಿ ಮೂರು ನಾಲ್ಕು ಬೇಸಿಗೆ ನೀರು ಕೊಟ್ಟು ಕಾಪಾಡಿದರೆ ಮುಂದೆ ಅದೇ ನಿಮ್ಮನ್ನು ಕಾಪಾಡುತ್ತದೆ. ಸಂಪಿಗೆ ಆಸೆ ಹುಟ್ಟಿಸುವ ಮರ; ಆದರೆ ತಂಪು ಮಣ್ಣಿನ ಮಲೆನಾಡಿನ ಕೂಸು ಅದು, ಎರೆಯಲ್ಲಿ ಸೊರಗುತ್ತದೆ. ಆಕಾಶಮಲ್ಲಿಗೆಯ ಹೂವು ಮೋಹಕವಾದರೂ ಅದರ ಕಟ್ಟಿಗೆ ಪೆಡಸು. ಬಿರುಗಾಳಿಗೆ ಮುರಿದು ಬೀಳುವುದರಿಂದ ಮನೆಗೂ ವಿದ್ಯುತ್ ತಂತಿಗೂ ದೂರವಿರಲಿ. ಅಂಗಳ ತೀರ ಸಣ್ಣದಾದರೆ ಪಾರಿಜಾತವೊಂದು ಸಾಕು.

ದಿಕ್ಕಿನ ಮಾತು ಕೇಳುವಿರಾದರೆ, ಪಡುವಣ ಮಗ್ಗುಲನ್ನು ಮೊದಲು ನೋಡಿರಿ. ಮಧ್ಯಾಹ್ನದ ಮೇಲಿನ ಇಳಿಬಿಸಿಲು ಗೋಡೆಗೆ ನೇರವಾಗಿ ಬಡಿಯುವುದು ಅಲ್ಲಿಂದ. ಮರವು ಬಿಸಿಲನ್ನು ತಡೆಯುವುದಲ್ಲದೆ ಎಲೆಗಳಿಂದ ನೀರಾವಿಯನ್ನು ಬಿಟ್ಟು ಸುತ್ತಲಿನ ಗಾಳಿಯನ್ನೂ ತಣಿಸುತ್ತದೆ. ತಗಡಿನ ಚಪ್ಪರದ ನೆರಳಿಗೂ ಮರದ ನೆರಳಿಗೂ ಇರುವ ಭೇದವಿದು.

ಅಂತರದ ವಿಷಯದಲ್ಲಿ ವರಾಹಮಿಹಿರನ ಲೆಕ್ಕ ಇಂದಿಗೂ ಸಲ್ಲುತ್ತದೆ. ಮರದಿಂದ ಮರಕ್ಕೆ ೨೦ ಮೊಳ ಉತ್ತಮ, ೧೬ ಮಧ್ಯಮ, ೧೨ಕ್ಕಿಂ­ತ ಕಡಮೆ ಸಲ್ಲದು. ಮೊಳಕ್ಕೆ ಒಂದೂವರೆ ಅಡಿಯೆಂದರೆ ೩೦, ೨೪, ೧೮ ಅಡಿಗಳಾದವು. ಮೆದುವಾದ ನೆಲ ಎಲ್ಲ ಮರಕ್ಕೂ ಹಿತವೆಂದು ಹೇಳಿ, ಮೊದಲು ಅಲ್ಲಿ ಎಳ್ಳನ್ನು ಬಿತ್ತಿ, ಅದು ಹೂ ಬಿಟ್ಟಾಗ ನೆಲದಲ್ಲಿಯೇ ತುಳಿದು ಸೇರಿಸಬೇಕೆನ್ನುತ್ತಾನೆ. ಇದೇ ಅಲ್ಲವೆ ನಾವಿಂದು ಹಸುರೆಲೆ ಗೊಬ್ಬರವೆನ್ನುವುದು? ನೀರಿನ ಕ್ರಮವನ್ನೂ ಹೇಳಿದ್ದಾನೆ: ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ. ಹದಿನಾಲ್ಕು ನೂರು ವರ್ಷಗಳಾದರೂ ಗಿಡದ ಬಾಯಾರಿಕೆ ಬದಲಾಗಿಲ್ಲ.

ವಾಚಕರೆ, ಸುಗಂಧವರ್ತಿಯ ರಟ್ಟರು ಹೋದರು. ಅವರ ಪೂದೋಂಟಗಳೂ ಹೋದವು. ಕಲ್ಲಿನಲ್ಲಿ ಬರೆದ ಕಮ್ಮಗಳ ಲೆಕ್ಕ ಉಳಿದಿದೆ, ಹೂವು ಉಳಿಯಲಿಲ್ಲ. ಹೂವು ಉಳಿಯಬೇಕಾದರೆ ಒಂದು ತಲೆಮಾರು ಹಚ್ಚಿ ಇನ್ನೊಂದು ತಲೆಮಾರು ನೀರೆರೆಯಬೇಕು. ಶಾಸನದಿಂದ ಆಗುವ ಕೆಲಸವಲ್ಲ ಅದು.

ನಮ್ಮ ಪಡುವಣ ಮಗ್ಗುಲಿನ ಬಕುಳ ಈಗ ಮಾಳಿಗೆಯ ಎತ್ತರಕ್ಕೆ ಬಂದಿದೆ. ಬೆಳಿಗ್ಗೆ ರೇಡಿಯೋದಲ್ಲಿ ಚಿಂತನ ಬರುವ ಹೊತ್ತಿಗೆ ಮೊಮ್ಮಗಳು ಬುಟ್ಟಿ ಹಿಡಿದು ಹೂವು ಆಯುತ್ತಾಳೆ. ಮೊನ್ನೆ, "ಈ ಗಿಡಾ ಯಾರ ಹಚ್ಚ್ಯಾರ ಅಜ್ಜಾ?" ಎಂದು ಕೇಳಿದಳು. ನಾನು ಅವ್ವನ ಹೆಸರನ್ನು ಹೇಳಿದೆ. ಸಸಿಯನ್ನು ನೆಟ್ಟದ್ದು ನನ್ನ ಕೈಯಾದರೂ, ನೆಡಿಸಿದ್ದು ಅವಳ ಮಾತಲ್ಲವೆ?